ಆಲ್ಬಮ್‌ಗೆ ಹೋಗದ ಪದ

ನಮ್ಮ ಅಪ್ಪ ಒಂದು ಪದವನ್ನು ಮಾತ್ರ ಮನೆಯೊಳಗೆ ಎಂದೂ ಗುನುಗಿದವನಲ್ಲ. ಉಳಿದ ಪದಗಳನ್ನು ಎಮ್ಮೆ ಮೈ ತಿಕ್ಕುವಾಗ ಹಾಡುತ್ತಿದ್ದ, ಗಡ್ಡ ಬೋಳಿಸಿಕೊಳ್ಳುವಾಗ ಹಾಡುತ್ತಿದ್ದ, ಅವ್ವ ಬೈಯುತ್ತಿದ್ದರೆ ಅವಳ ಮಾತಿಗೆ ತಾಳ ಹಾಕಿಕೊಂಡೂ ಹಾಡುತ್ತಿದ್ದ. ಆ ಒಂದು ಪದ ಸತ್ತವರ ಮುಂದೆ ಮಾತ್ರ.

ಕುಕನೂರಿನಿಂದ ಮಂಗಳೂರಿನ ಕಡೆ, ಕಡಲ ಮಂಗಳೂರಲ್ಲ, ನಮ್ಮ ಸೀಮೆಯದೇ ಹಳ್ಳಿ, ಹೋಗುವ ದಾರಿಯಲ್ಲಿ ಒಳಗೆ ಸರಿದರೆ ನಮ್ಮ ಊರು. ಅಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಎದುರಿಗೆ ಭಜನೆಯವರು ಕೂಡುತ್ತಾರೆ. ಅಪ್ಪನದು ಏಕತಾರಿ. ಅವನ ಪಕ್ಕಕ್ಕೆ ತಂಬೂರಿ ಅಜ್ಜ. ಆಮೇಲೆ ದಮ್ಮಡಿಯವನು, ತಾಳದವನು. ಇಷ್ಟೇ ಮೇಳ. ಊರಿನವರು ಇದಕ್ಕೆ ತಂತಿ ಮೇಳ ಎನ್ನುತ್ತಿದ್ದರು, ಯಾಕೆಂದರೆ ಪಕ್ಕದ ಊರಿನ ಮೇಳದಂತೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಇವರು ಇಟ್ಟುಕೊಂಡಿರಲಿಲ್ಲ. ಎರಡು ತಂತಿ ವಾದ್ಯ, ಎರಡು ಕೈ ವಾದ್ಯ.

ಬಂದವರೆಲ್ಲ ನೋಡಿಯಾದ ಮೇಲೆ, ಇನ್ನು ಹೆಣ ಎತ್ತಬೇಕು ಎನ್ನುವಾಗ ಆ ಪದ. 'ಊರು ಬಂತು, ಎತ್ತು ಬಿಚ್ಚೋ' ಎಂದು ಶುರುವಾಗುತ್ತದೆ. ಅದು ಕಿವಿಗೆ ಬಿದ್ದರೆ ಓಣಿಯಲ್ಲಿ ಯಾರೂ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಹೆಂಗಸರು ಒಲೆಯ ಮೇಲಿನದನ್ನು ಇಳಿಸುತ್ತಿದ್ದರು. ಗಂಡಸರು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಡುತ್ತಿದ್ದರು. ಪದಕ್ಕೆ ಕೆಲವು ಕಟ್ಟಳೆಗಳಿದ್ದವು. ಹಿಡಿದರೆ ಮುಗಿಸಬೇಕು, ಅರ್ಧಕ್ಕೆ ಬಿಟ್ಟರೆ ಅದು ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುತ್ತದೆ. ಹಾಡಿದವರು ಮೈತೊಳೆಯದೆ ಮನೆ ಹೊಗಬಾರದು. ಸತ್ತವರ ಮನೆಯವನೇ ಹಾಡುಗಾರನಾಗಿದ್ದರೆ ಅವನು ಆ ದಿನ ಏಕತಾರಿ ಮುಟ್ಟಬಾರದು, ಬೇರೆಯವರು ಹಾಡಬೇಕು.

ಸಾಲಿಯಲ್ಲಿ ಕೂತಿರುವಾಗ ಅದು ಗೋಡೆ ದಾಟಿ ಬರುತ್ತಿತ್ತು. ಹಾಡುತ್ತಿರುವವನು ನಮ್ಮ ಅಪ್ಪ ಎಂದು ಗೊತ್ತಿದ್ದರೂ ನನ್ನ ಮೈಮೇಲೆ ಮುಳ್ಳೇಳುತ್ತಿದ್ದವು. ಮನೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುವ ಮನುಷ್ಯನ ದನಿ ಅದಾಗಿರಲಿಲ್ಲ. ಸಂಜೆ ಅವನು ಒದ್ದೆ ಧೋತರದಲ್ಲಿ ಬಂದರೆ ನಾನು ಬಹಳ ಹೊತ್ತು ಹತ್ತಿರ ಹೋಗುತ್ತಿರಲಿಲ್ಲ.

ಈ ಅಂಜಿಕೆ ಓದಿನಿಂದ ಹೋಯಿತು ಎಂದುಕೊಂಡಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೆಣ್ಣಿರಲಿ, ಗಂಡಿನಲ್ಲೂ ಯಾರೂ ಇರಲಿಲ್ಲ. ಅವ್ವ ಬೀಜದ ಹತ್ತಿಯ ಹೊಲಗಳಲ್ಲಿ ಗಂಡು ಹೂವು ಹರಿದು ಹೆಣ್ಣು ಹೂವಿಗೆ ಮುಟ್ಟಿಸುವ ಕೂಲಿ ಮಾಡಿದಳು. ನಾನು ಯಲಬುರ್ಗಾದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದೆ. ಆಮೇಲೆ ಬಿ.ಎಡ್. ಈಗ ಕುಷ್ಟಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ದನಿ ಎಂದರೆ ಗಾಳಿಯ ನಡುಕ, ದೂರ ಹೋದಂತೆ ಸಾಯುತ್ತದೆ ಎಂದು ಬೋರ್ಡಿನ ಮೇಲೆ ಅಲೆ ಬರೆದು ತೋರಿಸುವವಳು ನಾನು.

ಅಪ್ಪನ ಪದಗಳನ್ನು ಆಲ್ಬಮ್ ಮಾಡಿಸಬೇಕು ಎಂಬುದು ನನ್ನದೇ ಹಟ. ಕುಣಿತದ ಹಾಡಿನವರೆಲ್ಲ ಮೊಬೈಲಿನಲ್ಲಿ ಬಂದರು, ನಮ್ಮವರು ಬರಲಿಲ್ಲ ಎಂಬ ಹೊಟ್ಟೆಕಿಚ್ಚು ಇತ್ತು. ಗಂಗಾವತಿಯಲ್ಲಿ ಮದುವೆ ವೀಡಿಯೊ ಮಾಡುವ ಹುಡುಗನೊಬ್ಬ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ಟುಡಿಯೋ ಮಾಡಿಕೊಂಡಿದ್ದ. ಅವನೊಂದಿಗೆ ಮಾತಾಡಿ ದಿನ ಗೊತ್ತು ಮಾಡಿದೆ. ಆಗಲೇ ಅವ್ವನ ಹೊಟ್ಟೆಯೊಳಗೆ ಗಂಟು ಇದೆ, ತೆಗೆಯಬೇಕು ಎಂದು ಕೊಪ್ಪಳದ ಆಸ್ಪತ್ರೆಯಲ್ಲಿ ಹೇಳಿದ್ದು. ರೆಕಾರ್ಡಿಂಗ್ ಆದ ವಾರದಲ್ಲೇ ಆಪರೇಷನ್. ನಾನು ಸ್ಟುಡಿಯೋ ಮುಂದೂಡೋಣ ಎಂದೆ. ಅವ್ವ ಕೇಳಲಿಲ್ಲ. "ನನ್ನ ಮುಂದ ಕುಂತು ನನ್ನ ಮಾರಿ ನೋಡಿದ್ರ ಗಂಟು ಕರಗತೈತೇನು? ಹೋಗಿ ಹಾಡ್ಕೊಂಡು ಬರ್ರಿ" ಎಂದಳು.

ಗಂಗಾವತಿ ದಾರಿಯ ಗದ್ದೆಯ ಹಸಿರು ನೋಡಿ ಮೇಳದವರು ಖುಷಿಯಾಗಿದ್ದರು. ಸ್ಟುಡಿಯೋ ಬಾಗಿಲು ಮುಚ್ಚಿದ ಕೂಡಲೇ ಸುಮ್ಮನಾದರು. ಗೋಡೆಗೆಲ್ಲ ಕರಿ ಫೋಮು. ಕಿಟಕಿಯಿಲ್ಲ, ಹುಡುಗ ಕೂರುವ ಪಕ್ಕದ ಗೂಡಿಗೆ ಒಂದು ಗಾಜು ಮಾತ್ರ. ಸದ್ದಾಗುತ್ತದೆ ಎಂದು ಫ್ಯಾನೂ ಆರಿಸಿದ್ದ. ಕಿವಿಯೊಳಗೆ ಹತ್ತಿ ತುರುಕಿದಂತೆ ಆಗಿ, ನನ್ನ ಉಸಿರು ನನಗೇ ಕೇಳಿಸತೊಡಗಿತು.

ಅಪ್ಪ ಒಮ್ಮೆ ತಂತಿ ಮೀಟಿ ಕಿವಿಗೊಟ್ಟ. "ಇಲ್ಲಿ ದನಿ ಹುಟ್ಟಿದಲ್ಲೇ ಸಾಯ್ತೈತಲ್ಲೋ ತಮ್ಮಾ" ಎಂದ.

"ಅದಕ್ಕ ಇಷ್ಟ ಫೋಮ್ ಬಡದೀನಿ ಕಾಕಾ" ಎಂದ ಸ್ಟುಡಿಯೋ ಹುಡುಗ. "ಸಾಯ್ಲಿ ಅಂತನ."

ಆ ಮಾತು ನನಗೆ ಸೇರಲಿಲ್ಲ. ಆದರೂ ಎಂಟು ಪದಗಳು ಚೆನ್ನಾಗಿಯೇ ಬಂದವು. ಹುಡುಗ ನಿಲ್ಲಿಸು ಎಂದಾಗ ನಿಲ್ಲಿಸಿದರು, ಮತ್ತೆ ಹಾಡು ಎಂದಾಗ ಹಾಡಿದರು. ದಮ್ಮಡಿಯವನ ಬೆವರು ದಮ್ಮಡಿಯ ಚರ್ಮದ ಮೇಲೆ ಹನಿದು ಎರಡು ಸಲ ಒರೆಸಬೇಕಾಯಿತು. ಎಂಟಾದ ಮೇಲೆ ಹುಡುಗ ಇನ್ನೊಂದಿದ್ದರೆ ಚಂದ ಎಂದ. ಆಗ ತಂಬೂರಿ ಅಜ್ಜ ಬಾಯಿ ಬಿಟ್ಟ.

"ಖರೆ ಪದ ಇನ್ನೂ ಹೊರಗ ಬಂದಿಲ್ಲ. ಅದು ಇವನ ಹೊಟ್ಯಾಗ ಐತಿ."

"ಹಾಡ್ರಿ ಹಂಗಾರ ಕಾಕಾ!"

"ಅದು ಇಲ್ಲಿ ಹಾಡೂ ಪದ ಅಲ್ಲ" ಎಂದ ಅಪ್ಪ. "ಎದುರಿಗಿ ಹೆಣ ಬೇಕು."

ಹುಡುಗ ನಕ್ಕುಬಿಟ್ಟ. "ಹೆಣ ಎಲ್ಲಿಂದ ತರ್ಲಿ ಕಾಕಾ? ಬಿರಿಯಾನಿ ಆದ್ರ ಈಗ ತರಸ್ತೀನಿ."

ಅಪ್ಪ ನನ್ನ ಕಡೆ ನೋಡಿದ. "ನೀ ಕಲ್ತಾಕಿ. ಏನಂತಿ?"

ಗಾಳಿಯ ನಡುಕ ಎಂದು ಹೇಳಬೇಕಾಗಿತ್ತು. ಕೊಪ್ಪಳದ ಆಸ್ಪತ್ರೆಗೂ ಗಂಗಾವತಿಯ ಈ ಕರಿ ಕೋಣೆಗೂ ಏನು ಸಂಬಂಧ ಎಂದು ಕೇಳಬೇಕಾಗಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಬ್ಯಾಡಪ್ಪ. ಅವ್ವಂದು ಆಪರೇಷನ್ ಮುಗೀಲಿ."

ಅಪ್ಪ ಏಕತಾರಿಗೆ ಕೆಂಪು ಬಟ್ಟೆ ಸುತ್ತತೊಡಗಿದ. ತಂಬೂರಿ ಅಜ್ಜ ಅವನ ಕೈ ಹಿಡಿದ. ಅಜ್ಜನಿಗೆ ಹೆಂಡತಿ ಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ.

"ನನ್ನ ಹೇಣ್ತಿ ಹೋದಾಗ ನೀನ ಹಾಡಿದಿ. ನಾ ಹೋದಾಗ ನಿನ್ನ ದನಿ ಇರತೈತೋ ಇಲ್ಲೋ. ಈಗ ನನ್ನ ಮುಂದ ಹಾಡು" ಎಂದ.

"ಹುಚ್ಚು ಹಿಡದೈತೇನು ನಿನಗ?"

"ಅದಕ್ಕ ಒಂದು ಜೀವ ಬೇಕ ಬೇಕಂದ್ರ, ಇಲ್ಲಿ ಕುಂತೈತಿ ತಗೋ ಅನ್ನು. ನಿನ್ನ ಮನಿ ಕಡೆ ತಿರಗಂಗಿಲ್ಲ ಅದು. ಲೆಕ್ಕ ಸರಿ ಆತಿಲ್ಲೋ?"

ಅಷ್ಟು ಹೇಳಿ ಅಜ್ಜ ತಂಬೂರಿಯನ್ನು ಕೆಳಗಿಟ್ಟು, ಎದ್ದುಹೋಗಿ ಎದುರಿನ ಗೋಡೆಗೆ ಒರಗಿ ಕೂತ. ಚಕ್ಕಳಮಕ್ಕಳ ಹಾಕಿ, ಟವೆಲನ್ನು ತಲೆಯ ಮೇಲೆ ಹೊದ್ದುಕೊಂಡು, ಕೈಗಳನ್ನು ತೊಡೆಯ ಮೇಲೆ ಮಲಗಿಸಿದ. ಕಣ್ಣು ಮುಚ್ಚಿದ. ಕರಿ ಫೋಮಿನ ಗೋಡೆ, ಅದರ ಮುಂದೆ ಬಿಳಿ ಬಟ್ಟೆಯ ಅಜ್ಜ. ಎಷ್ಟೋ ಮನೆಗಳಲ್ಲಿ ನೋಡಿದ ಹಾಗೇ ಇತ್ತು. ಗಾಜಿನ ಆಚೆ ನಿಂತಿದ್ದ ಹುಡುಗನ ಮುಖದ ನಗೆ ಅರ್ಧಕ್ಕೇ ನಿಂತಿತು.

ಅಪ್ಪ ಕೆಂಪು ಬಟ್ಟೆ ಬಿಚ್ಚಿ ತಂತಿ ಮೀಟಿದ.

ಅದನ್ನು ನಾನು ಗೋಡೆಯ ಅಡ್ಡವಿಲ್ಲದೆ ಕೇಳಿದ್ದು ಅದೇ ಮೊದಲು. ಒಂದೇ ಎಳೆ ತಂತಿ, ತಂಬೂರಿಯಿಲ್ಲದ್ದರಿಂದ ಮೇಳ ಒಂದು ಕಾಲು ಕುಂಟಿದಂತೆ ಕೇಳುತ್ತಿತ್ತು. ನಾನು ಪದ ಕೇಳಲಿಲ್ಲ, ಅಜ್ಜನ ಎದೆ ಏರಿಳಿಯುವುದನ್ನೇ ನೋಡುತ್ತಾ ನಿಂತೆ. ನಡುವೆ ಒಮ್ಮೆ ಅದು ನಿಂತಂತೆ ಕಂಡಿತು. ನಾನು ಎರಡು ಹೆಜ್ಜೆ ಅವನ ಕಡೆ ಇಟ್ಟೆ.

ಪದ ಮುಗಿಯಿತು. ಅಜ್ಜ ಕಣ್ಣು ತೆರೆಯಲಿಲ್ಲ.

"ಏಳೋ ಮಾರಾಯ" ಎಂದ ದಮ್ಮಡಿಯವನು.

ಅಜ್ಜ ಟವೆಲಿನೊಳಗಿಂದಲೇ ಅಂದ: "ಎರಡನೇ ನುಡ್ಯಾಗ ಒಂದು ಸಾಲು ನುಂಗಿದಿ. ಸತ್ತಾರಿಗಿ ಗೊತ್ತಾಗಂಗಿಲ್ಲ ಅಂತ ಮಾಡೀಯೇನು?"

ಹುಡುಗ ಹಣೆ ಒರೆಸಿಕೊಂಡು ಹೊರಗೆ ಬಂದ. ಅಪ್ಪ ಅವನಿಗೆ ಕಟ್ಟಾಗಿ ಹೇಳಿದ: ಇದನ್ನು ತಾನು ಹೇಳುವ ತನಕ ಎಲ್ಲಿಯೂ ಬಿಡಬಾರದು. ಅವನು ತಲೆಯಾಡಿಸಿದ. ಆಮೇಲೆ ಮೇಳದವರು ನೇರವಾಗಿ ಕಾಲುವೆಗೆ ಹೋಗಿ, ಉಟ್ಟ ಬಟ್ಟೆಯಲ್ಲೇ ಮೆಟ್ಟಿಲಿಳಿದು ಮುಳುಗೆದ್ದರು. ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಬಿ.ಎಸ್ಸಿ., ಬಿ.ಎಡ್. ಆದ ನಾನೂ ಇಳಿದು ತಲೆಗೆ ನೀರು ಹಾಕಿಕೊಂಡೆ. ಊರ ತನಕ ಬಸ್ಸಿನ ಸೀಟು ನಮ್ಮಿಂದ ಒದ್ದೆಯಾಗಿ, ಕಂಡಕ್ಟರ್ ಬೈದದ್ದನ್ನೆಲ್ಲ ಸುಮ್ಮನೆ ಕೇಳಿಸಿಕೊಂಡೆವು. ಅವ್ವನಿಗೆ ಮಾತ್ರ ಏನೂ ಹೇಳಲಿಲ್ಲ.

ಆಪರೇಷನ್ ಆಯಿತು. ಅವ್ವ ಕಣ್ಣು ತೆರೆದಳು. ಆದರೆ ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿದ್ದೇವೆ, ಅದು ಬರುವ ತನಕ ಏನೂ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಅವ್ವನನ್ನು ಮನೆಗೆ ಕರೆತಂದೆವು. ನಾನು ರಜೆ ಹಾಕಿದೆ. ಆ ದಿನಗಳಲ್ಲಿ ಅಪ್ಪ ಬೆಳಿಗ್ಗೆ ಎದ್ದವನೇ ಮೊದಲು ಅವ್ವನ ಮಂಚದ ಹತ್ತಿರ ನಿಲ್ಲುತ್ತಿದ್ದ, ಆಮೇಲೆ ಓಣಿ ದಾಟಿ ತಂಬೂರಿ ಅಜ್ಜನ ಮನೆಗೆ ಹೋಗುತ್ತಿದ್ದ. ಇಬ್ಬರೂ ಇದ್ದಾರೆಯೇ ಎಂದು ನೋಡಲಿಕ್ಕೆ. ಅಜ್ಜ ಬಾಗಿಲಲ್ಲೇ ಕೂತು ಚಹಾ ಕುಡಿಯುತ್ತಾ, "ಇನ್ನೂ ಅದೀನಿ, ಹೋಗು" ಎನ್ನುತ್ತಿದ್ದ. ಅಪ್ಪ ಹಾಡುವುದನ್ನೇ ಬಿಟ್ಟಿದ್ದ. ಎಮ್ಮೆಯ ಮೈಯನ್ನು ಸುಮ್ಮನೆ ತಿಕ್ಕುತ್ತಿದ್ದ. ಅದನ್ನು ನೋಡಿ ನನಗೆ ಇನ್ನಷ್ಟು ಭಯವಾಗುತ್ತಿತ್ತು.

ಕುಕನೂರಿನಲ್ಲಿ ಸಂತೆಯಿದ್ದ ದಿನ ಅಪ್ಪ ಉಳ್ಳಾಗಡ್ಡಿ ತರಲು ಹೋಗಿದ್ದ. ಮಧ್ಯಾಹ್ನಕ್ಕೆ ಸ್ಟುಡಿಯೋ ಹುಡುಗನಿಂದ ಫೋನಿಗೆ ಪದಗಳು ಬಂದವು. ಅವ್ವ ಕೇಳುತ್ತೇನೆ ಎಂದಳು. ಕ್ಲಾಸಿನಲ್ಲಿ ಮಕ್ಕಳಿಗೆ ಪಾಠ ಕೇಳಿಸಲು ನಾನು ಇಟ್ಟುಕೊಂಡಿದ್ದ ಸ್ಪೀಕರನ್ನು ಕಿಟಕಿಯ ಮೇಲಿಟ್ಟು ಹಚ್ಚಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಾ ಮಲಗಿದಳು. ಅಪ್ಪನ ದನಿ ಓಣಿಗೆಲ್ಲ ಹೋಗುತ್ತಿತ್ತು, ಹೋಗಲಿ ಎಂದು ನಾನೂ ಬಿಟ್ಟೆ. ಹಿತ್ತಿಲಿಗೆ ಹೋಗಿ ಅವ್ವನ ಸೀರೆ ನೆನೆಹಾಕಿ ಒಗೆಯುತ್ತಾ ಕೂತೆ.

ಎಂಟು ಪದ ಮಾತ್ರ ಕಳಿಸುತ್ತಾನೆ ಎಂದುಕೊಂಡಿದ್ದೆ. ಹುಡುಗ ಪ್ರಾಮಾಣಿಕ. ಎಲ್ಲಿಯೂ ಬಿಡಬೇಡ ಎಂದರೆ ಹಾಡಿದವರಿಗೂ ಕೊಡಬೇಡ ಎಂದು ಅವನು ತಿಳಿಯಲಿಲ್ಲ. ಒಂಬತ್ತನ್ನೂ ಕಳಿಸಿದ್ದ.

'ಊರು ಬಂತು, ಎತ್ತು ಬಿಚ್ಚೋ.'

ನನ್ನ ಕೈಯೊಳಗಿನ ಸೀರೆ ಜಾರಿತು. ಮನೆಯ ಒಳಗಿನಿಂದ ಬರುತ್ತಿತ್ತು ಅದು. ಒಂದು ಗಳಿಗೆ, ಅಪ್ಪ ಬಂದಿದ್ದಾನೆ, ಅವ್ವ ಹೋಗಿದ್ದಾಳೆ ಎಂದೇ ತಿಳಿದೆ. ಫೋನು, ಸ್ಪೀಕರು, ಮನೆಯವನು ಹಾಡಬಾರದೆಂಬ ಕಟ್ಟಳೆ ಯಾವುದೂ ನೆನಪಾಗಲಿಲ್ಲ. ಓಡಿದೆ. ಒಳಗೆ ಬಂದರೆ ಅವ್ವ ಮಲಗಿದ್ದಾಳೆ, ಕಣ್ಣು ಮುಚ್ಚಿವೆ, ಮುಖ ಬಿಳಿಚಿದೆ. ಕಿಟಕಿಯಲ್ಲಿ ಸ್ಪೀಕರಿನ ನೀಲಿ ದೀಪ ಮಿನುಗುತ್ತಿದೆ. ಫೋನ್ ಹಿಡಿದು ಉಜ್ಜಿದೆ. ಒದ್ದೆ ಬೆರಳಿಗೆ ಅದು ತೆರೆಯಲಿಲ್ಲ. ಲಂಗಕ್ಕೆ ಒರೆಸಿಕೊಂಡೆ, ಮತ್ತೆ ಉಜ್ಜಿದೆ, ಸೋಪಿನ ನೊರೆ ಅದರ ತುಂಬ ಹತ್ತಿತು. ಪದ ಮುಂದೆ ಹೋಗುತ್ತಲೇ ಇತ್ತು. ಓಣಿಯಲ್ಲಿ ಯಾರದೋ ಕೊಡ ಬಿದ್ದ ಸದ್ದು. ಬಾಗಿಲುಗಳು. ಕಾಲುಗಳು. ಕೊನೆಗೆ ಸ್ಪೀಕರನ್ನೇ ಹಿಡಿದು ಗುಂಡಿ ಒತ್ತಿದೆ. ನಿಂತಿತು.

ಆಗಲೇ ಎದುರುಮನೆಯ ದೊಡ್ಡವ್ವ ತುರುಬು ಬಿಚ್ಚಿಕೊಂಡು ಹೊಸ್ತಿಲು ದಾಟಿದ್ದಳು.

"ಅಯ್ಯಯ್ಯ ನನ್ನ ತಂಗೀ! ಮುಂಜಾನಿ ಆಕಳ ಮಜ್ಜಿಗಿ ಕೇಳಿ ಕಳಿಸಿದ್ಯಲ್ಲ, ಆಕಳು ಒದ್ದು ಹಾಲು ಚೆಲ್ಲೈತಿ, ಇಲ್ಲ ಅಂತ ಸುಳ್ಳ ಹೇಳಿದೆನಲ್ಲ ನಾ..."

ಅವ್ವ ಕಣ್ಣು ತೆರೆದಳು. "ಈಗರ ಕೊಡು" ಎಂದಳು.

ದೊಡ್ಡವ್ವ ಕಿರುಚಿ ಹಿಂದಕ್ಕೆ ಸರಿದು, ಹಿಂದೆ ಬಂದವರ ಮೇಲೆ ಬಿದ್ದಳು. ಬಾಗಿಲ ತುಂಬ ಜನ. ಹೆಗಲ ಮೇಲೆ ಟವೆಲ್. ಒಬ್ಬ ಆಗಲೇ ಊದುಬತ್ತಿ ಕಟ್ಟು ಹಿಡಿದು ಬಂದಿದ್ದ, ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನಾನು ಸ್ಪೀಕರ್ ತೋರಿಸಿ ಹೇಳಿದೆ, ಹೇಳುತ್ತಾ ಅತ್ತೆ. ಯಾರೋ "ಸುಳ್ಳು ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚು" ಎಂದರು. ಅದಕ್ಕೆ ಕೆಲವರು ಹೌದೆಂದರು. ಆದರೆ ದೊಡ್ಡವ್ವ ತುರುಬು ಕಟ್ಟಿಕೊಳ್ಳುತ್ತಾ ಸ್ಪೀಕರಿನ ಕಡೆಯೇ ನೋಡುತ್ತಿದ್ದಳು.

"ಮುಗೀತೇನು ಪದ?"

"ಇಲ್ಲ. ನಿಲ್ಸಿದೆ."

ಎಲ್ಲರ ಕಣ್ಣೂ ಅವ್ವನ ಮೇಲೆ ಹೋಗಿ, ಅಲ್ಲಿಂದ ನೆಲಕ್ಕೆ ಇಳಿದವು.

"ಹಚ್ಚು" ಎಂದಳು ಅವ್ವ.

"ಯವ್ವಾ, ಬ್ಯಾಡ."

"ಅರ್ಧಕ್ಕ ನಿಂತಿದ್ದನ್ನ ಮನ್ಯಾಗ ಇಟ್ಕೊಂಡು ನಾ ಹೆಂಗ ಮಲಗ್ಲಿ? ಯಾರ ಬೆನ್ನ ಹತ್ತಲಿ ಅದು, ನಿನ್ನ ಬೆನ್ನ ಹತ್ತಲಿ? ಹಚ್ಚು ಅಂದೆ."

ಅವಳ ಬೆನ್ನಿಗೆ ದಿಂಬು ಕೊಟ್ಟು ಕೂಡಿಸಬೇಕಾಯಿತು. ಗೋಡೆಗೆ ಒರಗಿಸಬಾರದು ಎಂದು ದೊಡ್ಡವ್ವ ತಾನೇ ಅವಳ ಬೆನ್ನಿಗೆ ಎದೆಗೊಟ್ಟು ಕೂತಳು. ನಾನು ಕೈ ಒರೆಸಿಕೊಂಡು ಫೋನ್ ತೆರೆದು, ನಿಂತಲ್ಲಿಂದ ಹಚ್ಚಿದೆ. ಅವ್ವ ನೆಟ್ಟಗೆ ಎದುರಿಗೆ ನೋಡುತ್ತಾ ಕೇಳಿದಳು. ಹೊದಿಕೆಯ ತುದಿಯಲ್ಲಿ ಅವಳ ಕಾಲ್ಬೆರಳು ಅಲ್ಲಾಡುತ್ತಿತ್ತು. ಯಾಕೆಂದು ಆಗ ತಿಳಿಯಲಿಲ್ಲ. ಆಮೇಲೆ ಅವಳೇ ಹೇಳಿದಳು: "ಮೊದಲು ಕೇಳಿದಾಗ ಮಂಪರು ಹತ್ತಿತ್ತು, ಸ್ಪೀಕರು ಮರತಿದ್ದೆ. ಆತನ ದನಿ ಬಂತು, ಆತ ಸಂತಿಗಿ ಹೋಗ್ಯಾನ ಅಂತ ಗೊತ್ತಿತ್ತು. ಹಂಗಾರ ನಾ ಹೋಗಿ ಭಾಳ ಹೊತ್ತಾತು, ಆತಗ ಸುದ್ದಿ ಮುಟ್ಟಿ ಬಂದಾನ ಅಂದ್ಕೊಂಡೆ. ಖರೆ ಏನು ಅಂತ ಬೆರಳು ಅಲ್ಲಾಡಿಸಿ ನೋಡಿದೆ. ಅಲ್ಲಾಡಿತು. ಆದ್ರೂ ನಂಬಿಕಿ ಬರ್ಲಿಲ್ಲ, ಅದಕ್ಕ ಆಡಿಸ್ತಾನ ಇದ್ದೆ."

ಪದ ಮುಗಿಯುವ ಹೊತ್ತಿಗೆ ಓಣಿಯ ಬಾಯಲ್ಲಿ ಗದ್ದಲವಾಯಿತು. ಅಪ್ಪ ಬಸ್ಸಿಳಿದು ಬರುತ್ತಿದ್ದ. ದೂರದಿಂದಲೇ ತನ್ನ ದನಿ ಕೇಳಿದ್ದ. ನಡುವೆ ನಿಂತಾಗ ಹೆಣ ಎತ್ತಿದರು ಎಂದುಕೊಂಡನಂತೆ. ಮತ್ತೆ ಶುರುವಾದಾಗ ಅವನಿಗೆ ಏನೂ ತಿಳಿಯದೆ ಹೋಯಿತು. ನಾನು ಹೊರಗೆ ಬಂದು ನೋಡಿದರೆ, ಉಳ್ಳಾಗಡ್ಡಿ ಚೀಲ ತೊಡೆಯ ಮೇಲಿಟ್ಟುಕೊಂಡು ಬೇರೆಯವರ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಾನೆ.

"ಅದಾಳ, ಅದಾಳ!" ಎಂದು ಜನ ಕೂಗುತ್ತಿದ್ದರು.

"ಎಲ್ಲಿ ಅದಾಳ?" ಎನ್ನುತ್ತಿದ್ದ ಅಪ್ಪ. ಏಳುತ್ತಿರಲಿಲ್ಲ.

ಒಳಗಿನಿಂದ ಅವ್ವನ ದನಿ ಬಂತು. ಹೊಲಿಗೆ ಹಾಕಿದ ಹೊಟ್ಟೆಯಿಂದ ಅಷ್ಟು ಜೋರು ಹೇಗೆ ಕೂಗಿದಳೋ. "ಕೆಂಪು ಉಳ್ಳಾಗಡ್ಡಿ ತಂದೀರೋ, ಬಿಳೇವು ತಂದೀರೋ?"

ಅಪ್ಪ ಚೀಲದ ಬಾಯಿ ಬಿಚ್ಚಿ ಒಳಗೆ ನೋಡಿದ. ನೋಡಿ, "ಕೆಂಪು" ಎಂದ. ಎಷ್ಟು ಮೆಲ್ಲಗೆ ಅಂದರೆ ನನಗೆ ಮಾತ್ರ ಕೇಳಿಸಿತು. ಆಮೇಲೆ ಅತ್ತ.

ಪರೀಕ್ಷೆಯ ಫಲ ಬಂತು. ಸದ್ಯಕ್ಕೆ ಕೆಟ್ಟದ್ದೇನೂ ಕಾಣಲಿಲ್ಲ, ಆದರೂ ಬಂದು ತೋರಿಸುತ್ತಾ ಇರಿ ಎಂದರು. ಆ 'ಸದ್ಯಕ್ಕೆ' ಎಂಬ ಮಾತಿನೊಂದಿಗೆ ನಾವು ಈಗಲೂ ಬದುಕುತ್ತಿದ್ದೇವೆ. ಕೊಪ್ಪಳಕ್ಕೆ ಹೋಗುವ ದಿನ ಹತ್ತಿರ ಬಂದರೆ ಅಪ್ಪನ ಹಾಡು ನಿಲ್ಲುತ್ತದೆ, ಬಂದ ಮೇಲೆ ಶುರುವಾಗುತ್ತದೆ. ತಂಬೂರಿ ಅಜ್ಜನೂ ಇದ್ದಾನೆ. ಓಣಿಯಲ್ಲಿ ಅವನನ್ನು ಸತ್ತಜ್ಜ ಎಂದೇ ಕರೆಯುತ್ತಾರೆ, ಅವನೂ ಓಗೊಡುತ್ತಾನೆ.

ಆಲ್ಬಮ್ ಎಂಟು ಪದಗಳಿಂದಲೇ ಬಂತು. ಅಳವಂಡಿಯ ಕಡೆ ಟ್ರಾಕ್ಟರುಗಳಲ್ಲಿ ಹಚ್ಚಿಕೊಂಡು ಹೋಗುತ್ತಾರೆ ಎಂದು ಕೇಳಿದಾಗ ಹೆಮ್ಮೆ ಎನಿಸಿತು. ಒಂಬತ್ತನೆಯದನ್ನು ಅಳಿಸಿಬಿಡು ಎಂದು ಅಪ್ಪ ಹುಡುಗನಿಗೆ ಹೇಳಿದ, ಅವನು ಅಳಿಸಿದ. ನನ್ನ ಫೋನಿನದನ್ನು ಅಳಿಸಲು ಹೋದಾಗ ಅವ್ವ ತಡೆದಳು. ಅಪ್ಪ ಮನೆಯಲ್ಲಿರಲಿಲ್ಲ.

"ನಾ ಹೋದಾಗ ಆತ ಹಾಡೂಹಂಗಿಲ್ಲ. ಮನ್ಯಾವ ಹಾಡಬಾರ್ದು. ಪಕ್ಕದೂರಿನ ಮೇಳದವರು ಪೆಟಗಿ ತಗೊಂಡು ಬರ್ತಾರ" ಎಂದಳು. "ಊರಾಗಿನ ಹೆಣಕ್ಕೆಲ್ಲ ಹಾಡ್ಯಾನ ಆತ. ನನಗ ಬ್ಯಾರೇದವರ ದನಿ ಯಾಕ? ಇರ್ಲಿ ಇಟ್ಕೋ. ಆತಗ ಹೇಳಬ್ಯಾಡ."

ಹಾಗಾಗಿ ಅದು ನನ್ನ ಹತ್ತಿರ ಇದೆ. ಫೋನ್ ಬದಲಿಸಿದಾಗ ಹೊಸದಕ್ಕೆ ದಾಟಿಸಿದೆ, ದಾಟಿತೋ ಇಲ್ಲವೋ ಎಂದು ಹಚ್ಚಿ ನೋಡುವ ಧೈರ್ಯವಾಗಲಿಲ್ಲ. ಹಚ್ಚಿದರೆ ಮುಗಿಸಬೇಕಲ್ಲ. ಊರಿಗೆ ಹೋದಾಗಲೆಲ್ಲ ಅವ್ವ ಊಟಕ್ಕೆ ನೀಡುತ್ತಾ, ಅಪ್ಪ ಕೈತೊಳೆಯಲು ಎದ್ದ ಸಂದಿಯಲ್ಲಿ ಕೇಳುತ್ತಾಳೆ, "ಐತಿಲ್ಲ?" ಐತಿ ಎನ್ನುತ್ತೇನೆ. ಇನ್ನೊಂದು ರೊಟ್ಟಿ ಹಾಕುತ್ತಾಳೆ.

ಮೊನ್ನೆ ನಮ್ಮ ಸಾಲಿಯ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ತರರ ಫೋನು ಕೆಟ್ಟಿತ್ತು. ಮಕ್ಕಳು ಸಾಲಾಗಿ ನಿಂತಿದ್ದರು, ದೊಡ್ಡ ಸ್ಪೀಕರಿನ ದೀಪ ಹತ್ತಿತ್ತು. "ನಿಮ್ಮ ಫೋನ್ ಕೊಡ್ರಿ ಮೇಡಂ, ನಾಡಗೀತೆ ಹಚ್ಚೂಣು" ಎಂದು ಕೈ ಚಾಚಿದರು.

"ಚಾರ್ಜಿಲ್ರಿ ಸರ್" ಎಂದೆ.

ಫೋನು ಅಷ್ಟರಲ್ಲೇ ನನ್ನ ಕೈಯಲ್ಲಿ ಹೊಳೆಯುತ್ತಿತ್ತು. ಅವರು ಅದನ್ನು ನೋಡಿದರು, ನನ್ನನ್ನೂ ನೋಡಿದರು. ನಾನು ಅದನ್ನು ಚೀಲದ ತಳಕ್ಕೆ ಹಾಕಿ ಜಿಪ್ ಎಳೆದೆ. ಆ ಬೆಳಿಗ್ಗೆ ಮಕ್ಕಳು ಬಾಯಲ್ಲೇ ಹಾಡಿದರು.